ಮಳೆಗಾಲ ಮತ್ತು ಚಂಡಮಾರುತ: ಮನೆಯ ಹಿರಿಯರ ಪೂರ್ವಸಿದ್ಧತೆ ಹಾಗೂ ಗ್ರಾಮ ಪಂಚಾಯತಿ ಸದಸ್ಯರ ಹೊಣೆ



ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಮತ್ತು ಘಟ್ಟದ ಗ್ರಾಮಗಳಿಗೆ ಮಳೆಗಾಲ ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ರಾಜ್ಯದ ಕರಾವಳಿಯಲ್ಲಿ ಸರಾಸರಿ 3000 ಮಿ.ಮೀ.ಗೂ ಅಧಿಕ ಮಳೆ ಸುರಿಯುತ್ತದೆ. ಇದರ ಹಿಂದೆ ಮುಂದೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳ ಎರಡು ಅವಧಿಗಳಿವೆ. ಒಂದು ಮುಂಗಾರಿಗೆ ಮುನ್ನ ಮೇ ಮತ್ತು ಜೂನ್ ಆರಂಭದಲ್ಲಿ, ಇನ್ನೊಂದು ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2019ರ ಅಕ್ಟೋಬರ್‌ನ ಕ್ಯಾರ್ ಮತ್ತು 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳನ್ನು ಸದಸ್ಯರು ಮರೆತಿರಲಾರರು. ತೌಕ್ತೆಯು ದಡ ಸೇರಿದ್ದು ದೂರದ ಗುಜರಾತಿನಲ್ಲಿ. ಆದರೂ ಅದು ನಮ್ಮ ತೀರದ ಪಕ್ಕದಲ್ಲಿ ಹಾದುಹೋದಾಗಲೇ ಕಡಲಂಚಿನ ಮನೆ, ತೋಟ, ವಿದ್ಯುತ್ ಕಂಬಗಳಿಗೆ ಹಾನಿಯಾಯಿತು.

ಇಂತಹ ಸಂದರ್ಭಗಳಿಗಾಗಿ ಪಂಚಾಯತಿಗಳು ದೋಣಿ, ಜನರೇಟರ್, ಕಾಳಜಿ ಕೇಂದ್ರ ಮುಂತಾದ ವ್ಯವಸ್ಥೆಗಳನ್ನು ಮಾಡಿಕೊಳ್ಳುತ್ತಿವೆ. ಆದರೆ ಗ್ರಾಮದ ಹಿರಿಯ ನಾಗರಿಕರ ವಿಷಯದಲ್ಲಿ ಈ ವ್ಯವಸ್ಥೆಗಳು ಹಲವು ಬಾರಿ ಕೊನೆಯ ಹೆಜ್ಜೆಯಲ್ಲಿ ನಿಂತುಬಿಡುತ್ತವೆ. ಎಚ್ಚರಿಕೆ ಗ್ರಾಮಕ್ಕೆ ತಲುಪಿರುತ್ತದೆ, ವಾಹನವೂ ಬಂದಿರುತ್ತದೆ; ಆದರೆ ಮನೆಯ ಅಜ್ಜಿಗೆ ಅದು ಕೇಳಿಸಿರುವುದಿಲ್ಲ, ಅಥವಾ ಕೇಳಿಸಿದರೂ ಅವರು ಹೊರಡಲು ಒಪ್ಪುವುದಿಲ್ಲ. ಈ ಕೊನೆಯ ಹೆಜ್ಜೆಯನ್ನು ಮಳೆಗೆ ಮುನ್ನವೇ, ಹಿರಿಯರೊಂದಿಗೆ ಕುಳಿತು, ಅವರ ಒಪ್ಪಿಗೆಯಿಂದಲೇ ಸಿದ್ಧಪಡಿಸುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿರಿಯರ ವಿಷಯ ಪ್ರತ್ಯೇಕವೇಕೆ?

2005ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯಕ್ಕೆ ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ಅಲ್ಲಿ ಮೃತಪಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ವರ್ಷ ಅಥವಾ ಅದಕ್ಕೂ ಮೇಲ್ಪಟ್ಟವರಾಗಿದ್ದರು. ರಸ್ತೆ, ವಾಹನ, ಆಸ್ಪತ್ರೆಗಳ ಕೊರತೆಯಿಲ್ಲದ ದೇಶದಲ್ಲಿಯೂ ಹೀಗಾಯಿತು. ಇದಕ್ಕೆ ಪ್ರತಿಯಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1999ರ ಅಕ್ಟೋಬರ್‌ನಲ್ಲಿ ಒಡಿಶಾದ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಅದೇ ರಾಜ್ಯಕ್ಕೆ 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲಾಯಿತು. ಮೃತರ ಸಂಖ್ಯೆ ಕೆಲವು ಹತ್ತುಗಳಿಗೆ ಇಳಿಯಿತು. ಎಚ್ಚರಿಕೆಯನ್ನು ಮನೆಮನೆಗೂ ಮುಟ್ಟಿಸುವ, ಜನರನ್ನು ಕೈಹಿಡಿದು ಕರೆದೊಯ್ಯುವ ಗ್ರಾಮಮಟ್ಟದ ಸಿದ್ಧತೆಯಿಲ್ಲದೆ ಇಷ್ಟು ದೊಡ್ಡ ಬದಲಾವಣೆ ಸಾಧ್ಯವಾಗುತ್ತಿರಲಿಲ್ಲ.

ಹಿರಿಯರ ದೇಹಸ್ಥಿತಿಯೂ ಗಮನಾರ್ಹ. ಕಿವಿ ಮಂದವಾದವರಿಗೆ ಧ್ವನಿವರ್ಧಕದ ಪ್ರಚಾರ ಗಾಳಿಮಳೆಯ ಸದ್ದಿನಲ್ಲಿ ಕೇಳಿಸದು. ಕಣ್ಣು ಮಂದವಾದವರು ಕತ್ತಲಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯಲಾರರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಕುಳಿತರೆ ದೇಹದ ಶಾಖ ಬೇಗನೆ ಇಳಿಯುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಮೂರು ನಾಲ್ಕು ದಿನ ತಪ್ಪಿದರೆ ನೆರೆಯ ನೀರು ಮುಟ್ಟದ ಮನೆಯಲ್ಲಿಯೂ ಜೀವಕ್ಕೆ ಅಪಾಯ ಒದಗಬಹುದು. ಮರೆವಿನ ಕಾಯಿಲೆ ಇರುವವರು ಹೊಸ ಸ್ಥಳದಲ್ಲಿ, ಅಪರಿಚಿತರ ನಡುವೆ ಗಲಿಬಿಲಿಗೊಂಡು ಹೊರಗೆ ನಡೆದುಬಿಡುವ ಸಂಭವವಿದೆ.

ಹಳೆಯ ಅನುಭವ ಎಲ್ಲಿ ಸಾಲದು?

ಸ್ಥಳಾಂತರಕ್ಕೆ ಒಪ್ಪದ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತು, "ಇಂಥ ನೆರೆ ಎಷ್ಟು ಕಂಡಿದ್ದೇನೆ" ಎಂಬುದು. ಈ ಮಾತನ್ನು ಹಗುರವಾಗಿ ಕಾಣಬಾರದು. ನೀರು ಯಾವ ಮೆಟ್ಟಿಲಿನವರೆಗೆ ಏರುತ್ತದೆ, ಯಾವ ಗದ್ದೆ ಮೊದಲು ಮುಳುಗುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಆದರೆ ಅವರು ಕಂಡ ನದಿಗೂ ಇಂದಿನ ನದಿಗೂ ವ್ಯತ್ಯಾಸ ಉಂಟಾಗಿದೆ. ಅದನ್ನು ಗೌರವದಿಂದ ವಿವರಿಸಬೇಕು.

ಕಾಳಿ ನದಿಯ ಕೆಳದಂಡೆಯಲ್ಲಿ ನೀರಿನ ಮಟ್ಟ ಈಗ ಮಳೆಯೊಂದನ್ನೇ ಅವಲಂಬಿಸಿಲ್ಲ, ಕದ್ರಾ ಅಣೆಕಟ್ಟಿನಿಂದ ಬಿಡುವ ನೀರನ್ನೂ ಅವಲಂಬಿಸಿದೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಅಣೆಕಟ್ಟಿನ ಕೆಳಗಿನ ಗ್ರಾಮಗಳು ಇದನ್ನು ಅನುಭವಿಸಿವೆ. ಶರಾವತಿಯ ಕೆಳದಂಡೆಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪೆಯ ಹೊರಹರಿವು ಇದೇ ರೀತಿ ಮುಖ್ಯ. ಗಂಗಾವಳಿ ಮತ್ತು ಅಘನಾಶಿನಿಗಳಲ್ಲಿ ಅಂತಹ ದೊಡ್ಡ ಅಣೆಕಟ್ಟುಗಳಿಲ್ಲ. ಅಲ್ಲಿ ಯಲ್ಲಾಪುರ, ಶಿರಸಿ ಕಡೆಯ ಘಟ್ಟದಲ್ಲಿ ಸುರಿದ ಮಳೆಯು ಅಂಕೋಲಾ, ಕುಮಟಾದ ಬಯಲಿಗೆ ನೆರೆಯಾಗಿ ಇಳಿಯುತ್ತದೆ. ಅಂಗಳದಲ್ಲಿ ಮಳೆ ನಿಂತಿದ್ದರೂ ನೀರು ಏರಬಹುದು. ಅದೇ ವೇಳೆ ಕಡಲಿನಲ್ಲಿ ಉಬ್ಬರವಿದ್ದರೆ ನದೀಮುಖದಲ್ಲಿ ನೀರು ಹೊರಹೋಗದೆ ಹಿಂದಕ್ಕೆ ನಿಲ್ಲುತ್ತದೆ.

ಗುಡ್ಡ ಕುಸಿತದ ಅಪಾಯ ಇದಕ್ಕಿಂತ ಭಿನ್ನ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚಿತು. ಮಣ್ಣಿನ ರಾಶಿ ಗಂಗಾವಳಿಗೆ ಬಿದ್ದ ರಭಸಕ್ಕೆ ಚಿಮ್ಮಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ನೆರೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವಾಗ ಯೋಚಿಸಲು ಒಂದಿಷ್ಟು ಸಮಯ ಸಿಗುತ್ತದೆ. ಗುಡ್ಡ ಆ ಸಮಯವನ್ನು ಕೊಡುವುದಿಲ್ಲ. ಆದ್ದರಿಂದ ಗುಡ್ಡದ ಬುಡದಲ್ಲಿ ಮತ್ತು ಗುಡ್ಡ ಕಡಿದು ಕಟ್ಟಿದ ಮನೆಗಳಲ್ಲಿ ವಾಸಿಸುವ ಹಿರಿಯರ ವಿಷಯದಲ್ಲಿ "ನೀರು ಬಂದಾಗ ನೋಡೋಣ" ಎಂಬ ನಿಯಮವನ್ನು ಬಿಡಲೇಬೇಕು. ನೆಲದಲ್ಲಿ ಹೊಸ ಬಿರುಕು, ಮರ ಅಥವಾ ಕಂಬ ವಾಲುವುದು, ಬಾಗಿಲು ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಒರತೆಯ ನೀರು ಕೆಂಪಾಗುವುದು ಅಥವಾ ಒಮ್ಮೆಲೇ ನಿಂತುಹೋಗುವುದು, ಇವು ಕಂಡರೆ ಯಾವ ಅಧಿಕೃತ ಸೂಚನೆಗೂ ಕಾಯದೆ ಮನೆ ಬಿಡತಕ್ಕದ್ದು.

ಮೊದಲ ಕೆಲಸ: ಪಟ್ಟಿ

ವಿಪತ್ತು ನಿರ್ವಹಣಾ ಕಾಯ್ದೆ, 2005ರ 41ನೇ ಕಲಮು ಪಂಚಾಯತಿಗಳೂ ಸೇರಿದಂತೆ ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯಗಳನ್ನು ಹೇಳುತ್ತದೆ. ಸಿಬ್ಬಂದಿಗೆ ತರಬೇತಿ, ಸಂಪನ್ಮೂಲಗಳ ಸುಸ್ಥಿತಿ, ಪರಿಹಾರ ಕಾರ್ಯ ಇವು ಅದರಲ್ಲಿವೆ. ಈ ಕರ್ತವ್ಯ ವಾರ್ಡಿನ ಮಟ್ಟದಲ್ಲಿ ಫಲ ಕೊಡಬೇಕಾದರೆ, ಸಹಾಯ ಬೇಕಾಗುವ ಹಿರಿಯರು ಯಾರು ಯಾರು ಎಂಬ ಪಟ್ಟಿ ಸದಸ್ಯರ ಬಳಿ ಇರಬೇಕು.

ಸಾಮಾನ್ಯವಾಗಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುತ್ತಾರೆ. ಅಂದರೆ ಒಬ್ಬೊಬ್ಬರ ಪಾಲಿಗೆ ಬರುವುದು ಅಂದಾಜು ನೂರು ಮನೆಗಳು. ಕಾನೂನಿನ ಪ್ರಕಾರ 60 ವರ್ಷ ತುಂಬಿದವರೆಲ್ಲರೂ ಹಿರಿಯ ನಾಗರಿಕರಾದರೂ, ಅವರೆಲ್ಲರಿಗೂ ವಿಶೇಷ ನೆರವು ಬೇಕಾಗದು. ತೋಟಕ್ಕೆ ನೀರು ಹಾಯಿಸುವ 65ರ ಯಜಮಾನರು ಇತರರಿಗೆ ನೆರವಾಗಬಲ್ಲರು. ಪಟ್ಟಿಯಲ್ಲಿ ಕೆಳಗಿನವರಿಗೆ ಆದ್ಯತೆ ಇರಲಿ:

1. ಒಬ್ಬರೇ ವಾಸಿಸುವವರು, ಗಂಡ ಹೆಂಡತಿ ಇಬ್ಬರೂ ವಯೋವೃದ್ಧರಾಗಿರುವ ಮನೆಗಳು.
2. ಹಾಸಿಗೆ ಹಿಡಿದವರು, ಊರುಗೋಲು, ಗಾಲಿಕುರ್ಚಿ ಅಥವಾ ಇನ್ನೊಬ್ಬರ ಕೈಯ ಆಸರೆಯಿಂದ ಮಾತ್ರ ನಡೆಯುವವರು.
3. ಡಯಾಲಿಸಿಸ್, ಆಕ್ಸಿಜನ್ ಯಂತ್ರ ಅಥವಾ ಇನ್ಸುಲಿನ್ ಅವಲಂಬಿಸಿರುವವರು.
4. ಕಿವಿ ಕೇಳಿಸದವರು, ದೃಷ್ಟಿ ಇಲ್ಲದವರು, ಮರೆವಿನ ಕಾಯಿಲೆಯವರು.
5. ಹಗಲಿನಲ್ಲಿ ಮನೆಮಂದಿಯೆಲ್ಲ ಕೆಲಸಕ್ಕೆ ಹೋಗಿ ಹಿರಿಯರು ಮಾತ್ರ ಉಳಿಯುವ ಮನೆಗಳು. ಇವು ಪಟ್ಟಿಯಿಂದ ಸಾಮಾನ್ಯವಾಗಿ ತಪ್ಪಿಹೋಗುತ್ತವೆ.

ಈ ಮಾಹಿತಿಗಾಗಿ ಹೊಸ ಸಮೀಕ್ಷೆ ಬೇಕಾಗಿಲ್ಲ. ಆಶಾ ಕಾರ್ಯಕರ್ತೆಯ ಬಳಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯವರ ವಿವರವಿದೆ. ಗ್ರಾಮ ಆಡಳಿತಾಧಿಕಾರಿಯ ಬಳಿ ವೃದ್ಧಾಪ್ಯ ವೇತನ ಮತ್ತು ಸಂಧ್ಯಾ ಸುರಕ್ಷಾ ಫಲಾನುಭವಿಗಳ ಪಟ್ಟಿಯಿದೆ. ಅಂಗವಿಕಲರ ವಿವರ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿದೆ. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಅಂಚೆಯಣ್ಣನಿಗೂ ನೀರು ಬಿಡುವ ನೀರಗಂಟಿಗೂ ಬಾಯಿಪಾಠ. ಇವರೆಲ್ಲರನ್ನು ಒಂದು ಮಧ್ಯಾಹ್ನ ಪಂಚಾಯತಿ ಕಚೇರಿಯಲ್ಲಿ ಕೂಡಿಸಿದರೆ ಪಟ್ಟಿಯ ಬಹುಭಾಗ ಅಂದೇ ಸಿದ್ಧವಾಗುತ್ತದೆ. ಉಳಿದುದನ್ನು ಮನೆಭೇಟಿಯಲ್ಲಿ ಪೂರ್ಣಗೊಳಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಈ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಅಂಟಿಸುವುದಾಗಲಿ, ವಾಟ್ಸಾಪ್ ಗುಂಪುಗಳಲ್ಲಿ ಹಂಚುವುದಾಗಲಿ ಸಲ್ಲದು. ಯಾವ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದಾರೆ ಎಂಬುದು ಕಳ್ಳರಿಗೂ ಉಪಯೋಗಕ್ಕೆ ಬರುವ ಮಾಹಿತಿ. ಕಾಯಿಲೆಯ ವಿವರ ಆ ವ್ಯಕ್ತಿಗೆ ಸೇರಿದ್ದು. ಸದಸ್ಯರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಆಶಾ ಕಾರ್ಯಕರ್ತೆ ಮತ್ತು ನೇಮಿತ ಜೊತೆಗಾರರ ಬಳಿ ಮಾತ್ರ ಅದು ಇರಲಿ. ಮುದ್ರಿತ ಪ್ರತಿಯೊಂದು ಇರಲೇಬೇಕು. ವಿದ್ಯುತ್ ಮತ್ತು ನೆಟ್‌ವರ್ಕ್ ಕಡಿತವಾದ ರಾತ್ರಿ ಮೊಬೈಲಿನಲ್ಲಿರುವ ಪಟ್ಟಿ ನೆರವಿಗೆ ಬಾರದು.

ಎರಡನೆಯ ಕೆಲಸ: ಪ್ರತಿ ಹಿರಿಯರಿಗೂ ಒಬ್ಬ ಜೊತೆಗಾರ

"ಊರಿನ ಯುವಕರು ನೋಡಿಕೊಳ್ಳುತ್ತಾರೆ" ಎಂಬ ವ್ಯವಸ್ಥೆಯಲ್ಲಿ ಹಲವು ಬಾರಿ ಯಾರೂ ನೋಡಿಕೊಳ್ಳುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಿರಬಹುದೆಂದು ಭಾವಿಸುತ್ತಾರೆ. ಆದ್ದರಿಂದ ಪಟ್ಟಿಯ ಪ್ರತಿ ಹೆಸರಿನ ಎದುರು ಒಬ್ಬ ಜೊತೆಗಾರರ ಹೆಸರು, ಅವರು ಊರಿನಲ್ಲಿಲ್ಲದಿದ್ದರೆ ಬರುವ ಎರಡನೆಯವರ ಹೆಸರು ಬರೆದಿರಬೇಕು. ಜೊತೆಗಾರರು ನಡೆದು ಬರುವಷ್ಟು ಹತ್ತಿರದವರಾಗಿರಲಿ. ಹಳ್ಳ ದಾಟಿ ಬರಬೇಕಾದವರು ನೆರೆಯ ದಿನ ಬರಲಾರರು. ಸ್ವಸಹಾಯ ಸಂಘಗಳ ಸದಸ್ಯೆಯರು, ಯುವಕ ಮಂಡಳಿಯವರು, ಪಕ್ಕದ ಮನೆಯವರು ಯಾರೂ ಆಗಬಹುದು. ಆದರೆ ಹಿರಿಯರು ಒಪ್ಪಿದವರೇ ಆಗಿರಬೇಕು. ಆಸ್ತಿಯ ತಕರಾರು ಅಥವಾ ಹಳೆಯ ಮನಸ್ತಾಪವಿರುವ ನೆರೆಯವರನ್ನು ನೇಮಿಸಿದರೆ ಬಾಗಿಲು ತೆರೆಯದೇ ಹೋಗಬಹುದು.

ಜೊತೆಗಾರರ ಕರ್ತವ್ಯ ಮೂರು: ಎಚ್ಚರಿಕೆ ಬಂದಾಗ ಖುದ್ದಾಗಿ ಹೋಗಿ ತಿಳಿಸುವುದು, ಹೊರಡುವಾಗ ಜೊತೆಗಿರುವುದು, ಹೊರಟ ಮೇಲೆ ಸದಸ್ಯರಿಗೆ ವರದಿ ಮಾಡುವುದು.

ಮೇ ತಿಂಗಳು ಇದಕ್ಕೆ ಸೂಕ್ತ ಕಾಲ. ಮುಂಬಯಿ, ಗೋವಾ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಮದುವೆ, ಬೇಸಿಗೆ ರಜೆಗಳಿಗಾಗಿ ಊರಿಗೆ ಬಂದಿರುತ್ತಾರೆ. ಅವರು ಮರಳುವ ಮುನ್ನ ತಂದೆ ತಾಯಿ, ಮಕ್ಕಳು, ಜೊತೆಗಾರ, ಸದಸ್ಯರು ಒಮ್ಮೆ ಒಟ್ಟಿಗೆ ಕುಳಿತುಕೊಳ್ಳಲಿ. ಯಾವ ಸ್ಥಿತಿಯಲ್ಲಿ ಎಲ್ಲಿಗೆ ಹೋಗುವುದು ಎಂಬುದು ಅಂದೇ ತೀರ್ಮಾನವಾಗಲಿ. ದೂರದಲ್ಲಿರುವ ಮಕ್ಕಳು ನೆರೆಯ ರಾತ್ರಿ ಫೋನಿನಲ್ಲಿ "ಹೊರಡಬೇಡ, ನಾನು ಬರುತ್ತೇನೆ" ಎಂದು ಹೇಳಿದರೆ ಎಲ್ಲರ ಶ್ರಮವೂ ವ್ಯರ್ಥವಾಗುತ್ತದೆ. ತೀರ್ಮಾನದಲ್ಲಿ ಅವರೂ ಪಾಲುದಾರರಾಗಿದ್ದರೆ ಅದೇ ಫೋನು ಹಿರಿಯರನ್ನು ಹೊರಡಿಸಲು ನೆರವಾಗುತ್ತದೆ.

"ನಾನು ಬರುವುದಿಲ್ಲ" ಎಂಬ ಮಾತಿನ ಹಿಂದೆ

ಹಿರಿಯರು ಹೊರಡಲು ನಿರಾಕರಿಸುವುದನ್ನು ಹಟವೆಂದು ತಿಳಿಯುವುದು ತಪ್ಪು. ಹೆಚ್ಚಿನ ಸಂದರ್ಭಗಳಲ್ಲಿ ಅದರ ಹಿಂದೆ ನಿರ್ದಿಷ್ಟ ಕಾರಣವಿರುತ್ತದೆ. ಕಾರಣ ಮೊದಲೇ ತಿಳಿದರೆ ಪರಿಹಾರವೂ ಸಾಧ್ಯ. ಆದ್ದರಿಂದ ಮನೆಭೇಟಿಯಲ್ಲಿ "ನೀವು ಹೋಗಲೇಬೇಕು" ಎಂದು ಆರಂಭಿಸದೆ, "ಅಮ್ಮಾ, ಹೊರಡಬೇಕಾಗಿ ಬಂದರೆ ನಿಮಗೆ ಯಾವುದು ಕಷ್ಟವಾದೀತು?" ಎಂದು ಕೇಳುವುದು ಉಚಿತ.

ಕೊಟ್ಟಿಗೆಯ ದನ: ಅನೇಕ ಮನೆಗಳಲ್ಲಿ ಮೊದಲ ಕಾರಣ ಇದೇ. ಎತ್ತರದ ಸ್ಥಳದಲ್ಲಿ ದನಗಳನ್ನು ಕಟ್ಟಲು ಜಾಗ ಮತ್ತು ಎರಡು ದಿನದ ಮೇವನ್ನು ಪಂಚಾಯತಿ ಮೊದಲೇ ಗುರುತಿಸಿರಲಿ. ಅದು ಸಾಧ್ಯವಾಗದಿದ್ದರೆ, ಹಗ್ಗ ಬಿಚ್ಚಿ ಬಿಡಲಾಗುವುದು, ಕಟ್ಟಿಹಾಕಿ ಹೋಗುವುದಿಲ್ಲ ಎಂಬ ಭರವಸೆಯನ್ನಾದರೂ ನೀಡಬೇಕು.

ದೇವರ ದೀಪ: ಬಹುಕಾಲದಿಂದ ತಪ್ಪದೆ ಹಚ್ಚಿದ ದೀಪವನ್ನು ಬಿಟ್ಟು ಹೊರಡುವುದು ಅವರಿಗೆ ಸಣ್ಣ ವಿಷಯವಲ್ಲ. ಚಿಕ್ಕ ವಿಗ್ರಹ ಅಥವಾ ಪಟವನ್ನು ಜೊತೆಯಲ್ಲಿ ಒಯ್ಯಲು ಮತ್ತು ಕೇಂದ್ರದಲ್ಲಿ ಅದಕ್ಕೊಂದು ಸ್ಥಳ ಕೊಡಲು ಅಡ್ಡಿಯಿಲ್ಲವೆಂದು ತಿಳಿಸಬೇಕು. ನಮಾಜು, ಪ್ರಾರ್ಥನೆಗಳಿಗೂ ಇದೇ ಅನ್ವಯಿಸುತ್ತದೆ.

ಕಳ್ಳತನದ ಭಯ: ಅಟ್ಟದ ಮೇಲಿನ ಅಡಿಕೆ, ಪೆಟ್ಟಿಗೆಯಲ್ಲಿನ ಒಡವೆ. ಬೆಲೆಬಾಳುವುದನ್ನು ಮಳೆಗಾಲಕ್ಕೆ ಮುನ್ನ ಬ್ಯಾಂಕಿನಲ್ಲಿ ಅಥವಾ ಸಂಬಂಧಿಕರಲ್ಲಿ ಇಡಲು ಸಲಹೆ ನೀಡಬಹುದು. ಖಾಲಿಯಾದ ಕೇರಿಗಳಲ್ಲಿ ಬೀಟ್ ಪೊಲೀಸರ ಗಸ್ತನ್ನು ಕೋರಿ ಪಂಚಾಯತಿಯಿಂದ ಮೊದಲೇ ಪತ್ರ ಬರೆಯಬಹುದು.

ಶೌಚಾಲಯ: ಇದನ್ನು ಹಿರಿಯರು, ಅದರಲ್ಲಿಯೂ ಮಹಿಳೆಯರು, ಬಾಯಿಬಿಟ್ಟು ಹೇಳುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂರಲಾರದವರಿಗೆ ಶಾಲೆಯ ಶೌಚಾಲಯ ಉಪಯೋಗವಿಲ್ಲ. ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಹೋಗಬೇಕಾದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಕಾಯಿಲೆ ಅಲ್ಲಿಂದ ಆರಂಭವಾಗುತ್ತದೆ. ಕೇಂದ್ರಕ್ಕೆ ಎರಡು ಕಮೋಡ್ ಕುರ್ಚಿಗಳು ಬಂದರೆ ಅಂತಹ ಹಲವರ ನಿರಾಕರಣೆ ಒಪ್ಪಿಗೆಯಾಗಬಹುದು.

ಹಂಗಿನ ಸಂಕೋಚ: "ಇನ್ನೊಬ್ಬರಿಗೆ ಭಾರವಾಗಲಾರೆ" ಎಂಬುದು ಎಲ್ಲಕ್ಕಿಂತ ಆಳವಾದ ಕಾರಣ. ಅಂತಹವರಿಗೆ ಕೇಂದ್ರದಲ್ಲಿ ಒಂದು ಕೆಲಸವಿರಲಿ. ಮಕ್ಕಳನ್ನು ನೋಡಿಕೊಳ್ಳುವುದು, ಅಡುಗೆಯ ಉಸ್ತುವಾರಿ, ಬಂದವರ ಹೆಸರು ಬರೆಯುವುದು ಇಂತಹ ಕೆಲಸಗಳು ಗೌರವವನ್ನು ಉಳಿಸುತ್ತವೆ.

ಮೂರನೆಯ ಕೆಲಸ: ಹೊರಡುವ ಚೀಲ

ಪ್ರತಿ ಹಿರಿಯರ ಮನೆಯಲ್ಲಿ, ನೀರು ತಾಗದ ಎತ್ತರದಲ್ಲಿ, ಹೆಗಲಿಗೆ ಹಾಕುವಂತಹ ಒಂದು ಚೀಲ ಸಿದ್ಧವಾಗಿರಬೇಕು. ಅದರಲ್ಲಿ ಇರಬೇಕಾದವು:

1. ಕನಿಷ್ಠ ಎರಡು ವಾರಗಳ ಔಷಧ ಮತ್ತು ವೈದ್ಯರ ಚೀಟಿಯ ನಕಲು. ಮಾತ್ರೆಯ ಹೆಸರು, ಪ್ರಮಾಣ, ವೇಳೆಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಕಾಗದ. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದೆಂದು ಅದರಲ್ಲಿಯೇ ಬರೆದಿರಲಿ.
2. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ, ಪಿಂಚಣಿ ಆದೇಶ, ಪಹಣಿ ಇವುಗಳ ನಕಲುಗಳು, ನೀರು ಹೋಗದ ಪ್ಲಾಸ್ಟಿಕ್ ಲಕೋಟೆಯಲ್ಲಿ.
3. ಹೆಚ್ಚುವರಿ ಕನ್ನಡಕ, ಶ್ರವಣಯಂತ್ರದ ಬ್ಯಾಟರಿ, ಹಲ್ಲುಸೆಟ್ಟಿನ ಡಬ್ಬಿ, ಊರುಗೋಲು.
4. ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಶಾಲು, ಜಾರದ ಚಪ್ಪಲಿ, ಅಗತ್ಯವಿದ್ದವರಿಗೆ ವಯಸ್ಕರ ಡೈಪರ್.
5. ಟಾರ್ಚ್, ಕುಡಿಯುವ ನೀರು, ಅವಲಕ್ಕಿ ಅಥವಾ ಬಿಸ್ಕತ್ತು, ಸ್ವಲ್ಪ ಚಿಲ್ಲರೆ ಹಣ, ಕೀಪ್ಯಾಡ್ ಮೊಬೈಲ್ ಮತ್ತು ಅದರ ಚಾರ್ಜರ್.
6. ಮಕ್ಕಳ, ಜೊತೆಗಾರರ, ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆಗಳು, ಕಾಗದದ ಮೇಲೆ. ಮರೆವಿನ ಕಾಯಿಲೆಯವರಿಗಾದರೆ ಅವರ ಹೆಸರು, ಊರು, ಸಂಪರ್ಕ ಸಂಖ್ಯೆಯಿರುವ ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿ ಹೊಲಿದಿಡುವುದು ಒಳಿತು.

ವಿಶೇಷ ಚಿಕಿತ್ಸೆಯಲ್ಲಿರುವವರ ಬಗ್ಗೆ ಪ್ರತ್ಯೇಕ ಯೋಚನೆ ಬೇಕು. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ವಿದ್ಯುತ್ ಹಲವು ದಿನ ಇಲ್ಲದಿದ್ದರೆ, ಬಾಟಲಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ನೆರಳಿನಲ್ಲಿ ಇಟ್ಟು ತಂಪಾಗಿ ಕಾಪಾಡಬಹುದು. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ಅದು ಕೆಡುತ್ತದೆ. ಡಯಾಲಿಸಿಸ್‌ಗೆ ಹೋಗುವವರು ತಮ್ಮ ಕೇಂದ್ರದೊಂದಿಗೆ ಮೊದಲೇ ಮಾತನಾಡಿ, ಚಂಡಮಾರುತದ ಮುನ್ಸೂಚನೆ ಬಂದಾಗ ಸರದಿಯನ್ನು ಒಂದು ದಿನ ಮುಂಚಿತವಾಗಿ ಪಡೆಯಬಹುದೇ ಎಂದು ಕೇಳಿಕೊಂಡಿರಲಿ. ಆಕ್ಸಿಜನ್ ಯಂತ್ರ ಬಳಸುವವರು ವಿದ್ಯುತ್ ಕಡಿತದ ನಿರೀಕ್ಷೆಯಿದ್ದಾಗ ಮನೆಯಲ್ಲಿ ಉಳಿಯದೆ, ಜನರೇಟರ್ ಇರುವ ಆಸ್ಪತ್ರೆಗೆ ಅಥವಾ ಸಂಬಂಧಿಕರ ಮನೆಗೆ ಮೊದಲೇ ತೆರಳುವುದು ಕ್ಷೇಮ. ಅಂತಹವರ ಮನೆಗಳ ವಿವರವನ್ನು ಹೆಸ್ಕಾಂ ಶಾಖಾಧಿಕಾರಿಗೆ ಲಿಖಿತವಾಗಿ ನೀಡಿರಬೇಕು.

ಯಾವಾಗ ಹೊರಡಬೇಕು?

ಭಾರತ ಹವಾಮಾನ ಇಲಾಖೆಯ ಬಣ್ಣದ ಸೂಚನೆಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. 24 ಗಂಟೆಗಳಲ್ಲಿ 64.5 ಮಿ.ಮೀ. ಮೀರಿದರೆ ಭಾರೀ ಮಳೆ, 115.6 ಮಿ.ಮೀ.ನಿಂದ ಅತಿ ಭಾರೀ ಮಳೆ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರೀ ಮಳೆ. ಚಂಡಮಾರುತವಾದರೆ ಸಾಮಾನ್ಯವಾಗಿ 48 ಗಂಟೆ ಮುಂಚಿತವಾಗಿ ಮುನ್ಸೂಚನೆ, 24 ಗಂಟೆ ಮುಂಚಿತವಾಗಿ ಎಚ್ಚರಿಕೆ ಹೊರಡುತ್ತದೆ.

ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಕಿತ್ತಳೆ ಸೂಚನೆ ಪದೇ ಪದೇ ಬರುತ್ತದೆ. ಪ್ರತಿ ಬಾರಿಯೂ ಹಿರಿಯರನ್ನು ಸ್ಥಳಾಂತರಿಸುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಎರಡು ಬಾರಿ ವೃಥಾ ಹೊರಟವರು ಮೂರನೆಯ ಬಾರಿ ಒಪ್ಪಲಾರರು. ಆದ್ದರಿಂದ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಕಿತ್ತಳೆ ಸೂಚನೆ ಬಂದ ದಿನ ಜೊತೆಗಾರರು ಮನೆಗೆ ಹೋಗಿ ಚೀಲ, ಔಷಧ, ಮೊಬೈಲ್ ಚಾರ್ಜ್ ಇವುಗಳನ್ನು ಪರಿಶೀಲಿಸತಕ್ಕದ್ದು. ಕಿತ್ತಳೆ ಸೂಚನೆಯ ಜೊತೆಗೆ ಸ್ಥಳೀಯ ಲಕ್ಷಣವೊಂದು ಸೇರಿದರೆ, ಅಂದರೆ ಅಣೆಕಟ್ಟಿನಿಂದ ನೀರು ಬಿಡುವ ಪ್ರಕಟಣೆ, ನದಿದಂಡೆಯಲ್ಲಿ ಪಂಚಾಯತಿ ಬಣ್ಣ ಬಳಿದು ಗುರುತಿಸಿದ ಮಟ್ಟವನ್ನು ನೀರು ಮುಟ್ಟುವುದು ಅಥವಾ ಗುಡ್ಡದಲ್ಲಿ ಮೇಲೆ ಹೇಳಿದ ಬದಲಾವಣೆಗಳು ಕಂಡುಬಂದರೆ, ಪಟ್ಟಿಯಲ್ಲಿರುವ ಹಿರಿಯರು ಅಂದೇ ಹೊರಡಬೇಕು. ಕೆಂಪು ಸೂಚನೆ ಅಥವಾ ಚಂಡಮಾರುತದ ಎಚ್ಚರಿಕೆಯಿದ್ದಲ್ಲಿ ಅಪಾಯದ ಸ್ಥಳದಲ್ಲಿರುವ ಹಿರಿಯರು ಬೇರೆ ಯಾವ ಲಕ್ಷಣಕ್ಕೂ ಕಾಯಬಾರದು.

ಎಲ್ಲ ಸಂದರ್ಭಗಳಲ್ಲಿಯೂ ಕತ್ತಲಾಗುವ ಮುನ್ನ ಹೊರಡುವುದು ಮುಖ್ಯ. ಇತರರು ಅರ್ಧ ಗಂಟೆಯಲ್ಲಿ ಹೊರಟರೆ, ನಡೆಯಲಾರದ ಹಿರಿಯರನ್ನು ಹೊರಡಿಸಲು ಎರಡು ಗಂಟೆ ಹಿಡಿಯಬಹುದು. ಆದ್ದರಿಂದ ಸ್ಥಳಾಂತರದಲ್ಲಿ ಅವರದು ಮೊದಲ ಸರದಿ. ಹಾಸಿಗೆ ಹಿಡಿದವರನ್ನು ಕೈಗಳಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ಒಯ್ಯಬಹುದು. ಕೂರಲಾರದವರನ್ನು ದಪ್ಪ ಕಂಬಳಿಯಲ್ಲಿ ನಾಲ್ವರು ಹಿಡಿದು ಸಾಗಿಸಬಹುದು. ಮೇ ತಿಂಗಳಲ್ಲಿ ಒಮ್ಮೆ ಈ ದಾರಿಯನ್ನು ನಡೆದು ನೋಡಿ. ಕುರ್ಚಿ ಹಾಯದ ದಣಪೆ, ಮುರಿದ ಕಾಲುಸಂಕ, ವಾಹನ ನಿಲ್ಲುವ ಜಾಗ ಇವೆಲ್ಲ ಆಗಲೇ ಗೋಚರಿಸುತ್ತವೆ. ದುರಸ್ತಿಗೆ ಸಮಯವೂ ಇರುತ್ತದೆ.

ಕಾಳಜಿ ಕೇಂದ್ರವನ್ನು ಹಿರಿಯರ ಕಣ್ಣಿನಿಂದ ನೋಡಿರಿ

ಕೇಂದ್ರವೆಂದು ಗುರುತಿಸಿದ ಶಾಲೆ, ಸಭಾಭವನ ಅಥವಾ ಚಂಡಮಾರುತ ಆಶ್ರಯತಾಣಕ್ಕೆ ಸದಸ್ಯರು ಮೊದಲೇ ಭೇಟಿ ನೀಡಿ ಈ ಅಂಶಗಳನ್ನು ಪರಿಶೀಲಿಸುವುದು: ಮೆಟ್ಟಿಲಿಲ್ಲದ ಅಥವಾ ಇಳಿಜಾರು ದಾರಿಯಿರುವ ಕೊಠಡಿ ಇದೆಯೇ? ನೆಲದಿಂದ ಏಳಲಾರದವರಿಗೆ ಮಂಚ ಅಥವಾ ಬೆಂಚುಗಳಿವೆಯೇ? ಶೌಚಾಲಯ ಹತ್ತಿರದಲ್ಲಿದ್ದು ಹಿಡಿದುಕೊಳ್ಳಲು ಆಸರೆಯಿದೆಯೇ? ರಾತ್ರಿಯಿಡೀ ಒಂದು ದೀಪ ಉರಿಯುವ ವ್ಯವಸ್ಥೆಯಿದೆಯೇ? ಬಿಸಿನೀರು, ಮೆತ್ತನೆಯ ಗಂಜಿ, ಸಕ್ಕರೆ ಕಾಯಿಲೆಯವರಿಗೆ ಸೂಕ್ತ ಊಟ ಸಿಗುವುದೇ? ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದಿನಕ್ಕೊಮ್ಮೆಯಾದರೂ ಯಾರು ಭೇಟಿ ನೀಡುತ್ತಾರೆ? ಗಂಡ ಹೆಂಡತಿಯನ್ನು ಬೇರೆ ಬೇರೆ ಕೇಂದ್ರಗಳಿಗೆ ಕಳುಹಿಸುವ ಪ್ರಸಂಗ ಬಾರದಂತೆ ಎಚ್ಚರ ವಹಿಸಬೇಕು. ಸಾಧ್ಯವಿದ್ದರೆ ಮಳೆಗೆ ಮುನ್ನ ಒಂದು ದಿನ ಹಿರಿಯರನ್ನೇ ಅಲ್ಲಿಗೆ ಚಹಾಕ್ಕೆ ಆಹ್ವಾನಿಸಿರಿ. ಒಮ್ಮೆ ಕಂಡ ಸ್ಥಳಕ್ಕೆ ಎರಡನೆಯ ಬಾರಿ ಬರಲು ಹಿಂಜರಿಕೆ ಕಡಿಮೆ.

ನೀರು ಇಳಿದ ಮೇಲೆ

ಮನೆಗೆ ಮರಳುವ ಆತುರ ಹಿರಿಯರಲ್ಲಿಯೇ ಹೆಚ್ಚು. ಅವರು ಒಬ್ಬರೇ ಮೊದಲು ಒಳಹೋಗದಂತೆ ನೋಡಿಕೊಳ್ಳಬೇಕು. ತುಂಡಾದ ವಿದ್ಯುತ್ ತಂತಿ, ಮೂಲೆಗಳಲ್ಲಿ ಸೇರಿದ ಹಾವು, ಕೆಸರು ಮೆತ್ತಿದ ನೆಲ, ನೆನೆದ ಮಣ್ಣಿನ ಗೋಡೆ ಇವನ್ನು ಜೊತೆಗಾರರು ಮೊದಲು ಪರೀಕ್ಷಿಸಲಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ನೀರನ್ನು ಕುದಿಸಿ ಕುಡಿಯಲು ಹೇಳಬೇಕು. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೈಕೈ ನೋವು ಬಂದರೆ ಇಲಿಜ್ವರದ ಶಂಕೆಯಿಂದ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಮನೆ ಹಾನಿಯ ಛಾಯಾಚಿತ್ರ ತೆಗೆಯುವುದು, ಅರ್ಜಿ ಬರೆಯುವುದು, ದಾಖಲೆ ಜೋಡಿಸುವುದು ಇವುಗಳಲ್ಲಿ ಹಿರಿಯರಿಗೆ ಸದಸ್ಯರು ನೆರವಾಗಬೇಕು. ಕಚೇರಿಗೆ ಅಲೆಯಲಾರದ ಕಾರಣಕ್ಕೆ ಯಾರ ಪರಿಹಾರವೂ ತಪ್ಪಬಾರದು.

ಸದಸ್ಯರ ಕಾಲಪಟ್ಟಿ

1. ಮೇ ಮೊದಲ ವಾರ: ಆಶಾ, ಗ್ರಾಮ ಆಡಳಿತಾಧಿಕಾರಿ ಮುಂತಾದವರ ಸಭೆ, ಪಟ್ಟಿಯ ಕರಡು.
2. ಮೇ ಎರಡನೆಯ ವಾರ: ಮನೆಭೇಟಿ, ಜೊತೆಗಾರರ ನೇಮಕ, ಮಕ್ಕಳೊಂದಿಗೆ ಮಾತುಕತೆ.
3. ಮೇ ಮೂರನೆಯ ವಾರ: ಚೀಲದ ಸಿದ್ಧತೆ, ದಾರಿಯ ನಡಿಗೆ, ಕಾಳಜಿ ಕೇಂದ್ರದ ಪರಿಶೀಲನೆ.
4. ಮೇ ಕೊನೆಯ ವಾರ: ಕೊರತೆಗಳ ಬಗ್ಗೆ ಪಂಚಾಯತಿ ಸಭೆಯಲ್ಲಿ ಚರ್ಚೆ ಮತ್ತು ನಿರ್ಣಯ.
5. ಸೆಪ್ಟೆಂಬರ್ ಕೊನೆಯ ವಾರ: ಹಿಂಗಾರಿನ ಚಂಡಮಾರುತದ ಅವಧಿಗಾಗಿ ಪಟ್ಟಿಯ ಮರುಪರಿಶೀಲನೆ, ಅವಧಿ ಮುಗಿದ ಔಷಧಗಳ ಬದಲಾವಣೆ.

ತುರ್ತು ದೂರವಾಣಿ: ತುರ್ತು ಸಹಾಯ 112, ಆಂಬುಲೆನ್ಸ್ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ವಿದ್ಯುತ್ ದೂರು 1912, ಹಿರಿಯ ನಾಗರಿಕರ ಸಹಾಯವಾಣಿ 14567. ಈ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಪ್ರತಿ ಹಿರಿಯರ ಮನೆಯ ಗೋಡೆಗೆ ಅಂಟಿಸುವುದು.

ಮೇಲಿನ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಅನುದಾನ ಬೇಕಾಗಿಲ್ಲ. ಬೇಕಾಗಿರುವುದು ಮೇ ತಿಂಗಳ ಕೆಲವು ಸಂಜೆಗಳು ಮತ್ತು ಹಿರಿಯರ ಮಾತು ಕೇಳುವ ವ್ಯವಧಾನ. ಮಳೆಯ ರಾತ್ರಿ ಬಾಗಿಲು ತಟ್ಟಿದವರು ಯಾರೆಂಬುದು ಒಳಗಿದ್ದ ಅಜ್ಜನಿಗೆ ಮೊದಲೇ ತಿಳಿದಿದ್ದರೆ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಅವರೇ ತೀರ್ಮಾನಿಸಿದ್ದರೆ, ಆ ಬಾಗಿಲು ತಡವಿಲ್ಲದೆ ತೆರೆಯುತ್ತದೆ. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ನಮ್ಮ ತೀರವನ್ನು ಮುಟ್ಟುತ್ತದೆ. ಅಷ್ಟರೊಳಗೆ ಪ್ರತಿ ವಾರ್ಡಿನ ಪಟ್ಟಿ ಪೂರ್ಣಗೊಂಡು, ಪ್ರತಿ ಹೆಸರಿನ ಎದುರು ಜೊತೆಗಾರರ ಹೆಸರು ಇರುವಂತೆ ಸದಸ್ಯರು ಕ್ರಮ ವಹಿಸಬೇಕೆಂದು ಕೋರಲಾಗಿದೆ.